‘ಲಿಟ್ಲ್ ವಿಮೆನ್’: ಹೊಸ ಕಾಲಕ್ಕೆ ಹಳೆಯ ಸೋದರಿಯರು

ಹಿಂದಿನ ಶತಮಾನಗಳ ಕೃತಿಯೊಂದನ್ನು ಇಂದಿನವರಿಗೆ ಒಪ್ಪಿಸುವವರ ಮೇಲೆ ಎರಡು ಹೊಣೆಗಳಿರುತ್ತವೆ. ಕಾಲದೊಡನೆ ಸವೆದುಹೋದುದನ್ನು ಬಿಡಬೇಕು. ಕಾಲಕ್ಕೆ ಸವೆಯದುದನ್ನು ಉಳಿಸಬೇಕು. ಯಾವುದು ಸವೆದಿದೆ, ಯಾವುದು ಸವೆದಿಲ್ಲ ಎಂಬ ವಿವೇಕವೇ ಇಲ್ಲಿ ಮುಖ್ಯ. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟ್ಲ್ ವಿಮೆನ್’ ಕಾದಂಬರಿಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಇದರ ಮೊದಲ ಭಾಗ 1868ರಲ್ಲಿಯೂ ಎರಡನೆಯ ಭಾಗ 1869ರಲ್ಲಿಯೂ ಬಾಸ್ಟನ್ನಿನಲ್ಲಿ ಪ್ರಕಟವಾದವು. ತಂದೆಯು ಅಂತರ್ಯುದ್ಧದ ಸೇನೆಯಲ್ಲಿ ಧರ್ಮಬೋಧಕನಾಗಿ ಹೋಗಿರಲು, ತಾಯಿಯ ಆಶ್ರಯದಲ್ಲಿ ಬಡತನವನ್ನು ಸಹಿಸಿ ಬೆಳೆಯುವ ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಸೋದರಿಯರ ಕಥೆಯಿದು. 1933, 1949 ಮತ್ತು 1994ರಲ್ಲಿ ಚಲನಚಿತ್ರವಾದ ಈ ಕೃತಿಯನ್ನು 2019ರಲ್ಲಿ ಗ್ರೆಟಾ ಗರ್ವಿಗ್ ಮತ್ತೊಮ್ಮೆ ತೆರೆಗೆ ತಂದರು.

ಅವರು ಮಾಡಿದ ದೊಡ್ಡ ಬದಲಾವಣೆ ಜೋಳ ವಿವಾಹಕ್ಕೆ ಸಂಬಂಧಿಸಿದ್ದು. ಆಜನ್ಮ ಅವಿವಾಹಿತೆಯಾಗಿದ್ದ ಆಲ್ಕಾಟ್ ತಮ್ಮ ನಾಯಕಿಯೂ ಹಾಗೆಯೇ ಇರಲೆಂದು ಬಯಸಿದ್ದರು. ಓದುಗರ ಒತ್ತಾಯಕ್ಕೆ ಮಣಿದು ಮದುವೆ ಮಾಡಿಸಿದರು. ಚಿತ್ರದಲ್ಲಿ ಪ್ರಕಾಶಕನು ಮದುವೆಯನ್ನೇ ಕೇಳುತ್ತಾನೆ. ಜೋ ಅದಕ್ಕೆ ಒಪ್ಪಿದರೂ ಕೃತಿಸ್ವಾಮ್ಯವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಆಲ್ಕಾಟ್ ಸಹ ತಮ್ಮ ಗ್ರಂಥದ ಸ್ವಾಮ್ಯವನ್ನು ಉಳಿಸಿಕೊಂಡು, ಅದರ ಆದಾಯದಿಂದ ತವರಿನ ಸಂಸಾರವನ್ನು ಪೊರೆದವರು. ಹೀಗಾಗಿ ಈ ಬದಲಾವಣೆ ಮೂಲಕ್ಕೆ ಬಗೆದ ದ್ರೋಹವಲ್ಲ. ಮೂಲವು ಹೇಳಲಾಗದೆ ನುಂಗಿಕೊಂಡ ಸತ್ಯವನ್ನು ಹೊರತಂದ ಉಪಕಾರ.

ಆದರೆ ಕಾದಂಬರಿಯ ತಿರುಳು ವಿವಾಹದಲ್ಲಿಲ್ಲ. ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಗ್ರಂಥವನ್ನು ಮಾದರಿಯಾಗಿರಿಸಿಕೊಂಡು, ಸೋದರಿಯರು ತಮ್ಮ ತಮ್ಮ ದೋಷಗಳನ್ನು ಹೊರೆಯೆಂದು ತಿಳಿದು ಇಳಿಸಲು ಯತ್ನಿಸುವುದೇ ಅದರ ತಿರುಳು. ಜೋ ಬರೆದ ಹಸ್ತಪ್ರತಿಯನ್ನು ಏಮಿ ಸುಟ್ಟುಹಾಕುತ್ತಾಳೆ. ಜೋ ಕ್ಷಮಿಸುವುದಿಲ್ಲ. ಮರುದಿನ ನದಿಯ ಮಂಜುಗಡ್ಡೆ ತೆಳುವಾಗಿದೆಯೆಂದು ತಿಳಿದೂ ತಂಗಿಯನ್ನು ಎಚ್ಚರಿಸುವುದಿಲ್ಲ. ಏಮಿ ನೀರಿಗೆ ಬಿದ್ದು ಪ್ರಾಣಾಪಾಯಕ್ಕೆ ಸಿಲುಕುತ್ತಾಳೆ. ಪಶ್ಚಾತ್ತಾಪದಿಂದ ಅಳುವ ಮಗಳಿಗೆ ತಾಯಿಯು, ತನಗೂ ಪ್ರತಿದಿನವೆಂಬಂತೆ ಕೋಪ ಬರುತ್ತದೆ, ನಲವತ್ತು ವರ್ಷಗಳ ಯತ್ನದಿಂದ ಅದನ್ನು ಹತೋಟಿಯಲ್ಲಿಡಲು ಮಾತ್ರ ಸಾಧ್ಯವಾಗಿದೆ ಎನ್ನುತ್ತಾಳೆ. ಕ್ರೋಧವನ್ನು ಕಷಾಯಗಳಲ್ಲಿ ಮೊದಲನೆಯದಾಗಿ ಎಣಿಸುವ ಪರಂಪರೆಯವರಿಗೆ ಈ ಪ್ರಸಂಗ ಪರಕೀಯವೆನಿಸದು.

ಹೆಣ್ಣಿಗೆ ಮಾತ್ರ ಸಂಯಮವನ್ನು ಬೋಧಿಸುವುದೇಕೆಂದು ಇಂದಿನ ಓದುಗರು ಕೇಳಬಹುದು. ಕಾದಂಬರಿಯಲ್ಲಿ ಪತಿಯು ತುಟಿಗೆ ಬೆರಳಿಟ್ಟು ಪತ್ನಿಯನ್ನು ಎಚ್ಚರಿಸುತ್ತಿದ್ದನೆಂಬ ಮಾತಿರುವುದರಿಂದ ಈ ಆಕ್ಷೇಪ ನ್ಯಾಯವಾದುದೇ. ಆದರೂ ಅನ್ಯಾಯವನ್ನು ಮೌನವಾಗಿ ಸಹಿಸುವುದು ಬೇರೆ, ತನ್ನ ಕೋಪವು ಇನ್ನೊಂದು ಜೀವಕ್ಕೆ ಕುತ್ತಾಗದಂತೆ ತಡೆಯುವುದು ಬೇರೆ. ಮೊದಲನೆಯದನ್ನು ಹೊಸ ಕಾಲ ತಿದ್ದಲಿ. ಎರಡನೆಯದನ್ನು ತಿದ್ದುವ ಅಗತ್ಯವಿಲ್ಲ.

ಬೆತ್‌ಳ ವೃತ್ತಾಂತವೂ ಹೀಗೆಯೇ ವಿಚಾರಾರ್ಹವಾದುದು. ಹಬ್ಬದ ದಿನ ನಾಲ್ವರೂ ತಮ್ಮ ಉಪಾಹಾರವನ್ನು ಬಡ ಹಮ್ಮೆಲ್ ಕುಟುಂಬಕ್ಕೆ ಸಂತೋಷದಿಂದ ಕೊಡುತ್ತಾರೆ. ಮುಂದೆ ಅದೇ ಮನೆಗೆ ದಿನವೂ ಹೋಗಬೇಕಾದಾಗ ಒಬ್ಬಳಿಗೆ ಆಯಾಸ, ಇನ್ನೊಬ್ಬಳಿಗೆ ಬರವಣಿಗೆ. ಬೆತ್ ಒಬ್ಬಳೇ ಹೋಗಿ ಜ್ವರವನ್ನು ತಂದುಕೊಳ್ಳುತ್ತಾಳೆ. ಆಗ ಬದುಕಿಕೊಂಡರೂ ಪೂರ್ವದ ಆರೋಗ್ಯ ಮರಳುವುದೇ ಇಲ್ಲ. ಹಬ್ಬದ ದಾನಕ್ಕೆ ಎಲ್ಲರೂ ಇರುತ್ತಾರೆ, ನಿತ್ಯದ ಸೇವೆಗೆ ಒಬ್ಬರೇ ಉಳಿಯುತ್ತಾರೆ. ಈ ಮಾತನ್ನು ಲೇಖಕಿ ಎಲ್ಲಿಯೂ ಉಪದೇಶವಾಗಿ ಹೇಳಿಲ್ಲ, ಕಥೆಯೇ ಹೇಳುತ್ತದೆ. ಧರ್ಮಕಾರ್ಯಗಳನ್ನು ನಡೆಸುವ ಯಾವ ಸಂಸ್ಥೆಯೂ ಇದನ್ನು ಓದಿ ಒಮ್ಮೆ ತನ್ನತ್ತ ನೋಡಿಕೊಳ್ಳಬಹುದು.

2019ರ ಚಿತ್ರವು ಈ ಪ್ರಸಂಗಗಳನ್ನು ಕೈಬಿಟ್ಟಿಲ್ಲವೆಂಬುದು ಸಂತೋಷದ ವಿಷಯ. ಆದರೆ ಬಾಲ್ಯವನ್ನೂ ಯೌವನವನ್ನೂ ಹಿಂದುಮುಂದಾಗಿ ಹೆಣೆದಿರುವುದರಿಂದ, ದೋಷವು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕರಗುವ ಕ್ರಮ ಮಸುಕಾಗಿದೆ. ಸಂಯಮವು ಒಂದು ದೃಶ್ಯದಲ್ಲಿ ಸಿದ್ಧಿಸುವಂಥದಲ್ಲ. ಆದ್ದರಿಂದ ಚಿತ್ರವನ್ನು ನೋಡಿದ ಮಕ್ಕಳ ಕೈಗೆ ಹಿರಿಯರು ಮೂಲ ಕಾದಂಬರಿಯನ್ನೂ ಕೊಡುವುದು ಉಚಿತ.