ದ್ವಾರಕೆಯ ಕಡಲತಳ: ಕಾಲನಿರ್ಣಯವೂ ನಾಮನಿರ್ಣಯವೂ

ಲೋಥಲ್‌ನ ಶೋಧಕರೆಂದು ಪ್ರಸಿದ್ಧರಾದ ಡಾ. ಎಸ್. ಆರ್. ರಾಯರು (1922–2013) ಶಿವಮೊಗ್ಗ ಜಿಲ್ಲೆಯ ಆನಂದಪುರದವರು. ಹೊರನಾಡಿನಲ್ಲಿ ವಿದ್ವತ್ತೆಯಿಂದ ಹೆಸರು ಗಳಿಸಿದ ಕನ್ನಡಿಗರ ಪ್ರಸ್ತಾಪ ಬಂದಾಗ ಅವರ ಹೆಸರನ್ನು ಬಿಡುವಂತಿಲ್ಲ. 1981ರಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು ಅವರು. ಆ ಕೇಂದ್ರದ ಪರಿಶ್ರಮದ ಫಲವನ್ನು 1999ರಲ್ಲಿ ಪ್ರಕಟವಾದ ‘ದಿ ಲಾಸ್ಟ್ ಸಿಟಿ ಆಫ್ ದ್ವಾರಕಾ’ ಎಂಬ ಆಂಗ್ಲ ಗ್ರಂಥದಲ್ಲಿ ಅವರು ಒಟ್ಟುಗೂಡಿಸಿದರು. ಈ ಗ್ರಂಥಕ್ಕೆ ದೊರೆತ ಹೊಗಳಿಕೆ ಬಹಳ. ಅದರ ವಾದಸರಣಿಯನ್ನು ಪರೀಕ್ಷಿಸಿ ನೋಡಿದವರು ಕಡಿಮೆ. ಗ್ರಂಥಕರ್ತರ ಮೇಲಣ ಅಭಿಮಾನವು ಗ್ರಂಥಪರೀಕ್ಷೆಗೆ ಅಡ್ಡಿಯಾಗತಕ್ಕದ್ದಲ್ಲ.

ದ್ವಾರಕೆಯ ನೆಲವನ್ನು ಮೊದಲು ಅಗೆದವರು ಪುಣೆಯ ಡೆಕ್ಕನ್ ಕಾಲೇಜಿನ ಅನ್ಸಾರಿ ಮತ್ತು ಮಾಟೆ ಎಂಬ ವಿದ್ವಾಂಸರು. 1963ರ ಆ ಉತ್ಖನನದಿಂದ ಅಲ್ಲಿನ ಮೊದಲ ವಸತಿ ಕ್ರಿಸ್ತಶಕದ ಆರಂಭದ ಸುಮಾರಿನದೆಂದು ತಿಳಿದುಬಂದಿತು. 1979–80ರಲ್ಲಿ ರಾಯರು ದ್ವಾರಕಾಧೀಶ ದೇವಾಲಯದ ಮುಂದಣ ಅಂಗಳವನ್ನು ಅಗೆಯಿಸಿದರು. 1983ರಿಂದ ಮುಳುಗುಗಾರರೊಡನೆ ಕಡಲಿಗಿಳಿಸಿದರು. ಗೋಮತಿಯು ಸಮುದ್ರವನ್ನು ಸೇರುವೆಡೆಯ ಸಮುದ್ರನಾರಾಯಣ ದೇವಾಲಯದ ಎದುರಿಗೆ ಕಲ್ಲಿನ ಗೋಡೆಗಳ, ಅರ್ಧವೃತ್ತಾಕಾರದ ಕಟ್ಟಡಗಳ ಅವಶೇಷಗಳು ಕಂಡುವು. ಮೂರು ತೂತುಗಳುಳ್ಳ ಕಲ್ಲಿನ ಲಂಗರುಗಳು ಹಲವು ದೊರೆತುವು. ಇವುಗಳಿಂದ ರಾಯರು ತೆಗೆದ ನಿರ್ಣಯವಿಷ್ಟು: ಇದು ಕ್ರಿ.ಪೂ. 15–16ನೆಯ ಶತಮಾನಗಳ ಕೋಟೆಯ ಪಟ್ಟಣ. ಮಹಾಭಾರತವು ಹೇಳುವ, ಕಡಲು ನುಂಗಿದ ದ್ವಾರಕೆ ಇದೇ.

ಈ ನಿರ್ಣಯದ ಮುಖ್ಯ ಆಧಾರಗಳಲ್ಲೊಂದು ಲಂಗರು. ಮೇಲಣ ತೂತಿಗೆ ಹಗ್ಗ, ಕೆಳಗಣ ಎರಡಕ್ಕೆ ನೆಲವನ್ನು ಕಚ್ಚುವ ಮರದ ಗೂಟ—ಇಂಥವು ಸೈಪ್ರಸ್, ಸಿರಿಯ ತೀರಗಳಲ್ಲಿ ಕಂಚಿನ ಯುಗದ ಕೊನೆಗೆ ಇದ್ದುವೆಂಬುದು ನಿಜ. ಆದರೆ ಈ ಬಗೆಯ ಲಂಗರು ಆ ಯುಗದೊಡನೆ ಮುಗಿಯಲಿಲ್ಲ. ನಮ್ಮ ಕಡಲಲ್ಲಿ ಶತಮಾನಗಳ ಪರ್ಯಂತ ಬಳಕೆಯಲ್ಲಿ ಉಳಿಯಿತು. ಮೇಲಾಗಿ ಕಟ್ಟಡವು ಸ್ಥಾವರ, ಲಂಗರು ಜಂಗಮ. ಯಾವ ಕಾಲದ ನಾವಿಕನೂ ಹಗ್ಗ ಹರಿದಲ್ಲಿ ಅದನ್ನು ಕಳೆದುಕೊಳ್ಳಬಹುದು. ಗೋಡೆಯ ಪಕ್ಕದಲ್ಲಿ ಬಿದ್ದ ಮಾತ್ರಕ್ಕೆ ಅದು ಗೋಡೆಯ ವಯಸ್ಸನ್ನು ಹೇಳಲಾರದು. ರಾಯರ ತರುವಾಯ ಅದೇ ಸಂಸ್ಥೆಯ ಗೌರ್, ಸುಂದರೇಶ್ ಮೊದಲಾದವರು ಮತ್ತೆ ಮುಳುಗಿ ನೋಡಿ, ಈ ಅವಶೇಷಗಳು ಐತಿಹಾಸಿಕ ಕಾಲದ ಹಾಗೂ ಮಧ್ಯಯುಗದ ಬಂದರಿಗೆ ಸೇರಿದುವೆಂಬ ಅಭಿಪ್ರಾಯಕ್ಕೆ ಬಂದರು.

ಬೇಟ್ ದ್ವಾರಕೆಯ ವಿಚಾರ ಬೇರೆ. ದ್ವಾರಕೆಯಿಂದ ಸುಮಾರು 30 ಕಿಲೋಮೀಟರು ಉತ್ತರಕ್ಕಿರುವ ಆ ದ್ವೀಪದಲ್ಲಿ ದೊರೆತ ಮಡಕೆಯ ಚೂರನ್ನು ಕಾಯಿಸಿ, ಅದು ಹೊಮ್ಮಿಸುವ ಬೆಳಕನ್ನು ಅಳೆದು, ಸುಮಾರು 3500 ವರ್ಷಗಳ ಪ್ರಾಚೀನತೆಯನ್ನು ಕಂಡುಕೊಳ್ಳಲಾಯಿತು. ಮೂರು ತಲೆಯ ಪ್ರಾಣಿಯನ್ನು ಕೆತ್ತಿದ ಶಂಖದ ಮುದ್ರೆಯೊಂದೂ ಅಲ್ಲಿ ಸಿಕ್ಕಿತು. ಆ ಲಾಂಛನ ಹರಪ್ಪ ಸಂಸ್ಕೃತಿಯ ಮುದ್ರೆಗಳಲ್ಲಿ ಪರಿಚಿತವಾದುದು. ಇಲ್ಲಿಯವರೆಗೆ ರಾಯರ ಮಾತು ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಆದರೆ ಅವರು ಇಷ್ಟಕ್ಕೆ ನಿಲ್ಲುವುದಿಲ್ಲ. ದ್ವಾರಕೆಯ ಪ್ರಜೆಗಳು ಗುರುತಿಗಾಗಿ ಮುದ್ರೆಯನ್ನು ಹೊಂದಿರಬೇಕೆಂಬ ಹರಿವಂಶದ ಹೇಳಿಕೆಗೆ ಇದು ಸಾಕ್ಷಿಯೆನ್ನುತ್ತಾರೆ. ಹರಪ್ಪದವರೊಡನೆ ಸಂಪರ್ಕವಿತ್ತೆಂದು ಹೇಳುವ ವಸ್ತುವು ಪುರಾಣದ ನಗರಿಯ ರಹದಾರಿಯಾಗಿಬಿಡುತ್ತದೆ. ಕಾಲನಿರ್ಣಯ ಮುಗಿಯುವ ಮೊದಲೇ ನಾಮನಿರ್ಣಯವಾಗಿ, ಬಳಿಕ ದೊರೆತುದೆಲ್ಲವೂ ಆ ನಾಮಕ್ಕೆ ದುಡಿಯತೊಡಗಿದುದೇ ಗ್ರಂಥದ ಮೂಲದೋಷ.

ಈ ದೋಷ ನೆಲದ ಮೇಲೂ ಸಂಭವಿಸಬಹುದು; ಅಲ್ಲಿ ಪರಿಹಾರ ಸುಲಭ. ಲೋಥಲ್‌ನ ಇಟ್ಟಿಗೆಯ ಕೊಳವನ್ನು ರಾಯರು ಹಡಗುಕಟ್ಟೆ ಎಂದರು, ಬೇರೆಯವರು ನೀರಿನ ಕೆರೆಯೆಂದರು. ವಿವಾದವಿದ್ದರೂ ಇಟ್ಟಿಗೆ ಇದ್ದಲ್ಲೇ ಇದೆ, ಯಾರಾದರೂ ಹೋಗಿ ಅಳೆಯಬಹುದು. ಕಡಲತಳದಲ್ಲಿ ಅಲೆಯೂ ಉಬ್ಬರವಿಳಿತಗಳೂ ಪದರಗಳನ್ನು ಕಲಸುತ್ತಿರುತ್ತವೆ. ಖಂಭಾತದ ಕೊಲ್ಲಿಯ ತಳದಿಂದ ಬಾಚಿ ತೆಗೆದ ಮರದ ತುಂಡೊಂದರ ಬಲದಿಂದ 9000 ವರ್ಷಗಳಿಗೂ ಹಿಂದಿನ ಪಟ್ಟಣವನ್ನು ಕಲ್ಪಿಸಿದ ಪ್ರಸಂಗ 2001–02ರಲ್ಲಿ ನಡೆಯಿತು. ಮರಕ್ಕೆ ಆ ವಯಸ್ಸಿರಬಹುದು. ಮರವಿದ್ದ ಮಾತ್ರಕ್ಕೆ ಪಟ್ಟಣವಿತ್ತೆಂದಾಗದು. ಬಾಚುವ ಯಂತ್ರವನ್ನು ನಂಬದೆ, ಮುಳುಗುಗಾರರಿಂದ ನೋಡಿಸಿ ಅಳೆಯಿಸಿ ನಕ್ಷೆ ಮಾಡಿಸಿದ ರಾಯರ ಕ್ರಮವು ಇದಕ್ಕಿಂತ ಎಷ್ಟೋ ಮೇಲಾದುದು. ಅವರ ನಿರ್ಣಯಗಳನ್ನು ಇಂದು ತಿದ್ದಲು ಸಾಧ್ಯವಾಗಿರುವುದೂ ಅವರೇ ಹಾಕಿಕೊಟ್ಟ ಈ ಕ್ರಮದಿಂದ.

ಹೆಸರಿನ ಮೋಹದಿಂದ ಸಂರಕ್ಷಣೆಗೂ ಕೇಡುಂಟು. ಶ್ರೀಕೃಷ್ಣನ ನಗರಿಯೆಂದರೆ ಕಲ್ಲಿಗೆ ಬೆಲೆ, ಮಧ್ಯಯುಗದ ಬಂದರೆಂದರೆ ಬೆಲೆಯಿಲ್ಲ ಎಂಬ ಭಾವನೆ ಬೆಳೆದರೆ, ಹೆಸರಿಲ್ಲದ ನಾವಿಕರು ಬಿಟ್ಟುಹೋದುದನ್ನು ಕಾಯುವವರಾರು? 2001ರ ಯುನೆಸ್ಕೋ ಒಡಂಬಡಿಕೆ ಇಂಥ ಭೇದವನ್ನು ಮಾಡುವುದಿಲ್ಲ. ಕನಿಷ್ಠ 100 ವರ್ಷ ನೀರಿನಲ್ಲಿದ್ದ ಮಾನವಕೃತಿಯ ಕುರುಹೆಲ್ಲ ಅದರ ದೃಷ್ಟಿಯಲ್ಲಿ ಪರಂಪರೆಯೇ. ಇದ್ದೆಡೆಯಲ್ಲೇ ಕಾಪಾಡುವುದನ್ನು ಮೊದಲು ಆಲೋಚಿಸಬೇಕೆಂಬುದು ಅದರ ವಿಧಿ. ಈ ವಿಧಿಗೆ ಕಾರಣವುಂಟು. ಉಪ್ಪುಂಡ ಮಡಕೆ ಗಾಳಿಗೆ ಒಣಗಿದೊಡನೆ ಹೊರಮೈ ಸಿಡಿಯುತ್ತದೆ, ಮರ ಮುರುಟುತ್ತದೆ. ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದ ಬಳಿಕ ಅದರ ಮರ ಬಿರಿಯದಂತೆ 17 ವರ್ಷ ರಾಸಾಯನಿಕ ದ್ರವವನ್ನು ಸಿಂಪಡಿಸಬೇಕಾಯಿತು. ಎತ್ತುವುದು ಒಂದು ದಿನದ ಸಂಭ್ರಮ, ಉಳಿಸುವುದು ಒಂದು ತಲೆಮಾರಿನ ದುಡಿಮೆ.

2025ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮುಳುಗುಗಾರರು ದ್ವಾರಕೆಯ ಕಡಲಿಗೆ ಮತ್ತೆ ಇಳಿದರು. ಅವರಿಗೆ ರಾಯರ ಗ್ರಂಥವು ಅವಶ್ಯವಾದ ಕೈಪಿಡಿ, ಅಂತಿಮ ತೀರ್ಪಲ್ಲ. ಅದರಲ್ಲಿನ ನಕ್ಷೆಗಳೂ ಅಳತೆಗಳೂ ಬಾಳುವಂಥವು. ಅದರಲ್ಲಿನ ಹೆಸರು ಮಾತ್ರ, ಕಲ್ಲುಗಳ ಕಾಲ ಇತ್ಯರ್ಥವಾಗುವ ತನಕ ಕಾದಿರಬೇಕು.