ಆಡುಮಾತಿನ ಕಾಗುಣಿತ: ನಿಘಂಟು ಯಾರ ಬಾಯಿಗೆ ಕಿವಿಗೊಡಬೇಕು?

ಒಂದು ಸಣ್ಣ ಪದದಿಂದ ಆರಂಭಿಸೋಣ. ಊಟ ರುಚಿಯಾಗಿದ್ದರೆ, ಸಿನಿಮಾ ಹಿಡಿಸಿದರೆ, ಮಳೆ ಜೋರಾಗಿ ಹೊಡೆದರೆ ಬೆಂಗಳೂರು, ಮೈಸೂರು ಕಡೆಯ ಹುಡುಗರ ಬಾಯಿಂದ ಹೊರಡುವ ಮಾತು 'ಸಕತ್'. ಇದನ್ನು ಬರೆಯುವುದು ಹೇಗೆ? ಸಕತ್, ಸಕ್ಕತ್, ಸಖತ್, ಸಕತ್ತು ಎಂಬ ನಾಲ್ಕೂ ರೂಪಗಳನ್ನು ನಾವು ನೋಡಿದ್ದೇವೆ. 2021ರಲ್ಲಿ ತೆರೆಕಂಡ ಕನ್ನಡ ಚಿತ್ರವೊಂದರ ಹೆಸರೇ 'ಸಖತ್'. ಪತ್ರಿಕೆಯಲ್ಲಿ ಕರಡು ತಿದ್ದುವವರು ತಮಗೆ ತೋಚಿದ್ದನ್ನು ಉಳಿಸಿಕೊಂಡು ಮುಂದೆ ಹೋಗಬಹುದು. ಆದರೆ ನಿಘಂಟು ಮಾಡುವವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ಒಂದು ರೂಪವನ್ನು ಮುಖ್ಯ ಪದವಾಗಿ ಆರಿಸಲೇಬೇಕು. ಆ ಆಯ್ಕೆ ಕೇವಲ ಅಕ್ಷರದ ಪ್ರಶ್ನೆಯಲ್ಲ ಎಂಬುದೇ ನಮ್ಮ ವಾದ.

'ಸಕತ್'ನ ಮೂಲ ಫಾರ್ಸಿಯ 'ಸಖ್ತ್'. ಅಲ್ಲಿ ಅದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥ. ಉರ್ದುವಿನಲ್ಲಿ ಇಂದಿಗೂ ಅದೇ ಅರ್ಥವಿದೆ. ಕನ್ನಡದ ಬಾಯಿಗೆ ಬಂದ ಮೇಲೆ ಅದು ಕಾಠಿಣ್ಯ ಬಿಟ್ಟು ಮೆಚ್ಚುಗೆಯ ಮಾತಾಯಿತು. ಮಸ್ತ್, ಮಜಾ, ಜಬರ್ದಸ್ತ್, ಬೇಜಾರು, ಖುಷಿ, ಬೇವಾರ್ಸಿ - ಇವೆಲ್ಲ ಇದೇ ದಾರಿಯಲ್ಲಿ ಬಂದ ಮಾತುಗಳು. ಕೆಲವು ಗೌರವದ ಭಾಷೆ ಸೇರಿದವು, ಕೆಲವು ಬೀದಿಯಲ್ಲೇ ಉಳಿದವು.

ಬೀದಿಯಲ್ಲಿ ಉಳಿದ ಮಾತುಗಳನ್ನು ಬರೆಯುವಾಗ ಎರಡು ಬಗೆಯ ತಪ್ಪುಗಳಾಗುತ್ತವೆ. ಒಂದು, 'ಗ್ರಾಮ್ಯ', 'ಅನ್ಯದೇಶ್ಯ' ಎಂದು ಹಣೆಪಟ್ಟಿ ಹಚ್ಚಿ ಹೊರಗಿಡುವುದು. ಇದರ ಬಗ್ಗೆ ನಾವು ಸಾಕಷ್ಟು ದೂರಿದ್ದೇವೆ. ಎರಡನೆಯದರಲ್ಲಿ ನಮ್ಮವರ ಪಾಲೇ ಹೆಚ್ಚು. ಮೂಲ ಬಲ್ಲವರು ನಾವು ಎಂಬ ಹೆಮ್ಮೆಯಿಂದ ಈ ಪದಗಳನ್ನು 'ಶುದ್ಧ'ಗೊಳಿಸಲು ಹೊರಡುತ್ತೇವೆ. ಸಕತ್ ತಪ್ಪು, ಸಖತ್ ಸರಿ. ಜಬರ್ದಸ್ತ್ ಅಲ್ಲ, ಝಬರ್ದಸ್ತ್ ಎನ್ನುತ್ತೇವೆ. ಆದರೆ ಬೇಜಾರಿನ ಮೂಲದಲ್ಲೂ ಅದೇ ಧ್ವನಿ ಇದ್ದರೂ ಅದನ್ನು ಬೇಝಾರು ಎಂದು ಬರೆಯಲು ನಮಗೆ ತೋಚುವುದಿಲ್ಲ.

ಈ ಶುದ್ಧೀಕರಣ ತನ್ನ ಅಳತೆಯಲ್ಲೇ ಸೋಲುತ್ತದೆ. ಕನ್ನಡದ 'ಖ' ಎಂದರೆ ಮಹಾಪ್ರಾಣದ ಕಕಾರ. ಫಾರ್ಸಿ ಪದದಲ್ಲಿರುವುದು ನಾಲಿಗೆಯ ಹಿಂಬದಿಯಿಂದ ಉಜ್ಜಿಕೊಂಡು ಬರುವ ಬೇರೆಯೇ ಧ್ವನಿ. ಹಾಗೆಯೇ ನಮ್ಮ 'ಝ' ಮಹಾಪ್ರಾಣದ ಜಕಾರ. ಅರಬಿ, ಫಾರ್ಸಿಗಳ ಧ್ವನಿಯನ್ನು ಸೂಚಿಸಲು ನಾವು ರೂಢಿಸಿಕೊಂಡ ಒಂದು ಗುರುತು ಮಾತ್ರ. ಅಂದರೆ 'ಸಖತ್' ಎಂದು ಬರೆದವರು ಮೂಲಕ್ಕೂ ನಿಷ್ಠರಲ್ಲ, ಆಡುವವರ ಬಾಯಿಗೂ ನಿಷ್ಠರಲ್ಲ.

ಕನ್ನಡದ ವ್ಯಾಕರಣ ಪರಂಪರೆ ಈ ವಿಷಯದಲ್ಲಿ ನಮಗಿಂತ ಉದಾರವಾಗಿತ್ತು. 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಸಂಸ್ಕೃತ ಪದಗಳು ಕನ್ನಡದ ನಾಲಿಗೆಯಲ್ಲಿ ಹೇಗೆ ಬದಲಾಗುತ್ತವೆ ಎಂಬುದಕ್ಕೆ ನಿಯಮಗಳನ್ನು ಕಂಡುಕೊಂಡ. ತದ್ಭವವನ್ನು ತಪ್ಪು ಎಂದು ಅವನು ಅಳಿಸಲಿಲ್ಲ. ಸಂಸ್ಕೃತಕ್ಕೆ ಸಲ್ಲುವ ನ್ಯಾಯ ಫಾರ್ಸಿಗೆ ಏಕೆ ಸಲ್ಲಬಾರದು? ದೌಲತ್ ನಮ್ಮಲ್ಲಿ ದೌಲತ್ತು ಆಯಿತು, ತಾಕತ್ ತಾಕತ್ತಾಯಿತು. 'ಸಕತ್ತಾಗಿದೆ' ಎನ್ನುವ ಹುಡುಗ ತನಗೆ ಗೊತ್ತಿಲ್ಲದೆಯೇ ಅದೇ ನಿಯಮ ಪಾಲಿಸುತ್ತಿದ್ದಾನೆ.

ನಿಘಂಟುಗಳ ಕಡೆಗೆ ಬರೋಣ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ನಿಘಂಟು ಗಾದೆಗಳಿಗೂ ಜನಬಳಕೆಯ ಮಾತುಗಳಿಗೂ ಬಾಗಿಲು ತೆರೆದಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಗ್ರಂಥಗಳ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡ ಮಹತ್ಕಾರ್ಯ. ಆದರೆ ಗ್ರಂಥವೇ ಸಾಕ್ಷಿ ಎಂಬ ಪದ್ಧತಿಯಲ್ಲಿ ಅಚ್ಚಿಗೆ ಹೋಗದ ಮಾತಿಗೆ ಸಾಕ್ಷಿ ಹೇಳುವವರು ಇರುವುದಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಈ ಕೊರತೆಯನ್ನು ಒಂದಿಷ್ಟು ತುಂಬಿದರು. ಬೀದಿಯ ಮಾತನ್ನು ಕ್ರಮಬದ್ಧವಾಗಿ ಕೇಳಿ ಬರೆದುಕೊಳ್ಳುವ ಕೆಲಸ ಇನ್ನೂ ಬಹಳಷ್ಟು ಬಾಕಿ ಇದೆ.

ಹಾಗಾದರೆ ಕಿವಿಗೆ ಬಿದ್ದಂತೆ ಬರೆದರೆ ಸಾಕೇ? ಯಾರ ಕಿವಿಗೆ ಎಂದು ಕೇಳಬೇಕಾಗುತ್ತದೆ. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಅವರ ಪ್ರಸಿದ್ಧ ಆಂಗ್ಲೋ-ಇಂಡಿಯನ್ ಪದಕೋಶ ಪ್ರಕಟವಾಯಿತು. ಅದರ ಹೆಸರು 'ಹಾಬ್ಸನ್-ಜಾಬ್ಸನ್'. ಇದು ಯಾವುದೋ ಇಬ್ಬರು ದೊರೆಗಳ ಹೆಸರಲ್ಲ. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಕೂಗುವ 'ಯಾ ಹಸನ್, ಯಾ ಹುಸೈನ್' ಎಂಬ ಶೋಕವು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಆದ ಅವಸ್ಥೆ. ಕರ್ಬಲಾದ ನೋವು ಒಂದು ತಮಾಷೆಯ ಹೆಸರಾಗಿ ಪುಸ್ತಕದ ಮುಖಪುಟಕ್ಕೆ ಬಂದಿತು. ಆ ಕೋಶದ ವಿದ್ವತ್ತಿನ ಬಗ್ಗೆ ನಮಗೆ ಗೌರವವಿದೆ. ಆದರೆ ಮಾತು ಯಾರದೋ, ಕಾಗುಣಿತ ಯಾರದೋ ಆದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಆದ್ದರಿಂದ ಮೂಲದ ಪಂಡಿತನಲ್ಲ, ಹೊರಗಿನ ಕೇಳುಗನಲ್ಲ, ಆಡುವವನೇ ಕಾಗುಣಿತಕ್ಕೆ ಪ್ರಮಾಣವಾಗಬೇಕು.

ಕಾಗುಣಿತ ಬೇರೆಯಾದಾಗ ಅರ್ಥವೂ ಬೇರೆಯಾಗಿರಬಹುದು ಎಂಬುದನ್ನೂ ಮರೆಯಬಾರದು. ಝಕಾತ್ ನಮ್ಮ ಧರ್ಮದ ಐದು ಸ್ತಂಭಗಳಲ್ಲಿ ಒಂದು. ಜಕಾತಿ ಊರ ಬಾಗಿಲಲ್ಲಿ ಸರಕಿನ ಮೇಲೆ ವಸೂಲು ಮಾಡುತ್ತಿದ್ದ ಸುಂಕ. ಮೂಲ ಒಂದೇ. ಆದರೂ ಜಕಾತಿಯನ್ನು ಯಾರಾದರೂ ಝಕಾತ್ ಎಂದು ತಿದ್ದಿದರೆ ಅರ್ಥವೇ ಕೆಡುತ್ತದೆ.

ಇದಕ್ಕಿಂತ ನೋವಿನ ಉದಾಹರಣೆಯೊಂದಿದೆ. ಸಾಹೇಬ ಎಂಬುದು ಅರಬಿ ಮೂಲದ ಗೌರವಸೂಚಕ ಪದ. ಅದು ಸವೆದು ಸಾಬ ಆಯಿತು. ಹಳ್ಳಿಯಲ್ಲಿ 'ಸಾಬರು ಬಂದರು' ಎಂದರೆ ಅದರಲ್ಲಿ ಬಳಕೆಯ ಆತ್ಮೀಯತೆ ಇರಬಹುದು. 'ಸಾಬಿ' ಎಂದಾಗ ಅದೇ ಪದ ಬೈಗುಳವಾಗುತ್ತದೆ. ನಡುವೆ ಇರುವುದು ಒಂದು ಗುಡಿಸು ಮಾತ್ರ. ನಿಘಂಟುಕಾರರು ಸಭ್ಯತೆಗಾಗಿ 'ಸಾಬಿ'ಯನ್ನು ಬಿಟ್ಟರೆ ಅಥವಾ 'ಸಾಹೇಬ ನೋಡಿ' ಎಂದು ಮುಗಿಸಿದರೆ ನಮಗೆ ಉಪಕಾರ ಮಾಡಿದಂತಲ್ಲ. ಬೈಸಿಕೊಂಡವನ ಸಾಕ್ಷಿಯನ್ನು ಅಳಿಸಿದಂತೆ. ಆಡುವ ಬಾಯಿ ಹೇಳಿದ ರೂಪದಲ್ಲೇ ಆ ಪದ ಪ್ರತ್ಯೇಕವಾಗಿ ದಾಖಲಾಗಲಿ. ಪಕ್ಕದಲ್ಲಿ 'ಹೀನಾಯದ ಪ್ರಯೋಗ' ಎಂಬ ಸೂಚನೆಯೂ ಇರಲಿ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಹೆಚ್ಚು ಜನ ಆಡುವ ರೂಪ ಮುಖ್ಯ ಪದವಾಗಲಿ. ವಿಭಕ್ತಿ, ಪ್ರತ್ಯಯ ಸೇರಿಸಿ ಆಡಿನೋಡಿದರೆ ಆ ರೂಪ ತಾನೇ ತಿಳಿಯುತ್ತದೆ. ಉಳಿದ ರೂಪಗಳನ್ನು ಅವುಗಳ ಅಕ್ಷರದಲ್ಲೇ ಕೊಟ್ಟು ಮುಖ್ಯ ಪದಕ್ಕೆ ದಾರಿ ತೋರಿಸಲಿ, ಇಲ್ಲವಾದರೆ ಫಜೀತಿಯನ್ನು ಹುಡುಕುವವನಿಗೆ ಪಜೀತಿ ಸಿಗುವುದಿಲ್ಲ. ಅರ್ಥ ಬೇರೆಯಾದ ರೂಪಕ್ಕೆ ಪ್ರತ್ಯೇಕ ಸ್ಥಾನವಿರಲಿ. ಮೂಲದ ವಿವರ ಕಂಸದೊಳಗಿರಲಿ. ಅದು ಪದದ ಹುಟ್ಟೂರನ್ನು ಹೇಳಲಿ, ಪದವನ್ನು ಅಲ್ಲಿಗೆ ವಾಪಸು ಕಳಿಸದಿರಲಿ.

ಈ ಕೊನೆಯ ಮಾತನ್ನು ನಾವು ವಿಶೇಷವಾಗಿ ನಮ್ಮವರಿಗೇ ಹೇಳುತ್ತಿದ್ದೇವೆ. ಎಲ್ಲಿಂದ ಬಂದಿರಿ ಎಂದು ತಲೆಮಾರುಗಳಿಂದ ಕೇಳಿಸಿಕೊಂಡವರು ನಾವು. ಇಲ್ಲೇ ಹುಟ್ಟಿ ಬೆಳೆದವರು ಎಂಬ ನಮ್ಮ ಉತ್ತರ ನ್ಯಾಯವಾದದ್ದೇ ಆದರೆ, ಅದೇ ನ್ಯಾಯವನ್ನು 'ಸಕತ್' ಎಂಬ ಪದಕ್ಕೂ ಕೊಡೋಣ.