ಸೇತುವೆ ಪಕ್ಕದ ಹೊಗೆಗೂಡು

ಷಿಕಾಗೋದ ಆಗ್ನೇಯ ಭಾಗದಲ್ಲಿ, ಕ್ಯಾಲುಮೆಟ್ ನದಿಯ 95ನೇ ಬೀದಿ ಸೇತುವೆಗೆ ಅಂಟಿಕೊಂಡಿದೆ ಕ್ಯಾಲುಮೆಟ್ ಫಿಶರೀಸ್. 1928ರ ಮೀನಂಗಡಿ; 1948ರಿಂದ ಒಂದೇ ಬಳಗದ ಕೈಯಲ್ಲಿದೆ. ಕೂರಲು ಕುರ್ಚಿಯಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ಕಾರಿನಲ್ಲೇ ತಿನ್ನಬೇಕು. ಯಾರೂ ಗೊಣಗುವುದಿಲ್ಲ.

ರುಚಿಯ ರಹಸ್ಯವೆಲ್ಲ ಹಿತ್ತಿಲಿನ ಹೊಗೆಗೂಡಿನಲ್ಲಿದೆ. ಮೀನನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಹಾಕಿ, ಓಕ್ ಸೌದೆಯ ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಉಪ್ಪು ಒಳಗಿಳಿಯುತ್ತದೆ, ಮೇಲ್ಮೈ ಹೊಂಬಣ್ಣಕ್ಕೆ ತಿರುಗುತ್ತದೆ, ಒಳಗಿನ ತಿರುಳು ಮಾತ್ರ ಒಣಗುವುದಿಲ್ಲ. ಬೆಳ್ಳುಳ್ಳಿ, ಕಾಳುಮೆಣಸು ಮೆತ್ತಿದ ಸಾಲ್ಮನ್ ಅಂತೂ ನಮ್ಮ ಕರಾವಳಿಯ ನಾಲಿಗೆಗೂ ಒಪ್ಪುವಂಥದ್ದು.

2010ರಲ್ಲಿ ಅಮೆರಿಕದ ಅಡುಗೆ ಲೋಕದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಈ ಗುಡಿಸಲಿಗೆ ಸಿಕ್ಕಿತು. 2023ರ ನವೆಂಬರಿನಲ್ಲಿ ಅಂಗಡಿಗೆ ಬೆಂಕಿ ಬಿತ್ತು. ಮರುವರ್ಷ ಮತ್ತೆ ಬಾಗಿಲು ತೆರೆಯಿತು. ಅಂದಹಾಗೆ, 1980ರ ‘ದಿ ಬ್ಲೂಸ್ ಬ್ರದರ್ಸ್’ ಚಿತ್ರದಲ್ಲಿ ಕಾರು ಹಾರುವುದೂ ಇದೇ ಸೇತುವೆಯ ಮೇಲೆ.